ಶುದ್ಧ ಹಳ್ಳಗಳಿಗೆ ಮೇಲಿನ ದರ್ಜೆ: ಪೆನ್ಸಿಲ್ವೇನಿಯಾದ ಎಚ್‌ಕ್ಯೂ, ಇವಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫಿಲಡೆಲ್ಫಿಯಾ ಸುತ್ತಮುತ್ತ, ಲೀಹೈ ಕಣಿವೆಯಲ್ಲಿ, ಪೊಕೊನೊ ಬೆಟ್ಟಗಳ ಕಡೆ ಮನೆ ಮಾಡಿಕೊಂಡಿರುವ ಕನ್ನಡದವರು ತುಂಬಾ ಜನ ಇದ್ದಾರೆ. ಸುಮಾರು ಮನೆಗಳ ಹಿಂದೆ ಒಂದು ಹಳ್ಳ ಹರಿಯುತ್ತಿರುತ್ತದೆ. ಟೌನ್‌ಶಿಪ್ (ಅಲ್ಲಿನ ಸ್ಥಳೀಯ ಆಡಳಿತ) ಸಭೆಯಲ್ಲೋ ಮನೆ ಕೊಳ್ಳುವಾಗಲೋ "ಇದು ಎಚ್‌ಕ್ಯೂ ಹಳ್ಳ", "ಇದನ್ನು ಇವಿ ಮಾಡಬೇಕು ಅಂತ ಅರ್ಜಿ ಬಿದ್ದಿದೆ" ಅನ್ನುವ ಮಾತು ಕಿವಿಗೆ ಬೀಳುತ್ತದೆ. ಎಚ್‌ಕ್ಯೂ, ಇವಿ ಅಂದರೆ ಶುದ್ಧ ಹಳ್ಳಗಳಿಗೆ ರಾಜ್ಯ ಕೊಡುವ ವಿಶೇಷ ರಕ್ಷಣೆಯ ದರ್ಜೆಗಳು. ಆಗ ಸಹಜವಾಗಿ ಏಳುವ ಪ್ರಶ್ನೆಗಳು ಇಲ್ಲಿವೆ. ನಾನು ಹಳ್ಳಗಳ ಪರ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಳ್ಳಕ್ಕೆ ದರ್ಜೆ ಅಂದರೆ ಏನು?

ಪೆನ್ಸಿಲ್ವೇನಿಯಾದಲ್ಲಿ ಹಳ್ಳ, ಹೊಳೆ, ನದಿ ಎಲ್ಲ ಸೇರಿ ಸುಮಾರು 85,000 ಮೈಲಿ ಇದೆ. ಅದರ ಪ್ರತಿಯೊಂದು ಭಾಗಕ್ಕೂ ರಾಜ್ಯದ ನಿಯಮಾವಳಿಯಲ್ಲಿ ಒಂದು ದರ್ಜೆ ಬರೆದಿದೆ. ಆ ನಿಯಮಗಳಿರುವ ಭಾಗವನ್ನು ಎಲ್ಲರೂ ಚಾಪ್ಟರ್ 93 ಅಂತಲೇ ಕರೆಯುತ್ತಾರೆ. ತಣ್ಣೀರಿನ ಮೀನು ಬದುಕುವ ಹಳ್ಳ, ಬೆಚ್ಚಗಿನ ನೀರಿನ ಮೀನು ಬದುಕುವ ಹಳ್ಳ, ಟ್ರೌಟ್ ಮೀನು ತಂದು ಬಿಡುವ ಹಳ್ಳ, ಹೀಗೆ. ಯಾವ ದರ್ಜೆಯೋ ಅದಕ್ಕೆ ತಕ್ಕ ಮಿತಿಗಳು. ಇವೆಲ್ಲದರ ಮೇಲೆ ಎರಡು ವಿಶೇಷ ರಕ್ಷಣೆಯ ದರ್ಜೆಗಳಿವೆ: ಹೈ ಕ್ವಾಲಿಟಿ, ಅಂದರೆ ಎಚ್‌ಕ್ಯೂ, ಮತ್ತು ಅದಕ್ಕೂ ಮೇಲೆ ಎಕ್ಸೆಪ್ಷನಲ್ ವ್ಯಾಲ್ಯೂ, ಅಂದರೆ ಇವಿ.

ನೀರು ಹೇಗೂ ಚೆನ್ನಾಗಿದೆಯಲ್ಲ, ಮತ್ತೆ ಇನ್ನೊಂದು ದರ್ಜೆ ಯಾಕೆ?

ಇಡೀ ವಿಷಯದ ತಿರುಳೇ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಾಮಾನ್ಯ ನಿಯಮ ಕೇಳುವುದು ಒಂದೇ: ನೀರು ಮಿತಿಯೊಳಗೆ ಇದೆಯಾ? ತಣ್ಣೀರಿನ ಮೀನಿನ ಹಳ್ಳದಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗೆ ಇಳಿಯಬಾರದು ಅಂತ ಇದೆ. ಕಾಡಿನೊಳಗಿನ ಒಂದು ತಣ್ಣನೆಯ ಹಳ್ಳದಲ್ಲಿ ಅದು 10ರ ಹತ್ತಿರ ಇದೆ ಅಂತ ಇಟ್ಟುಕೊಳ್ಳಿ. ಬರೀ ಮಿತಿಯನ್ನಷ್ಟೇ ನೋಡಿದರೆ 10ರಿಂದ 6ಕ್ಕೆ ಇಳಿದರೂ ಕಾಗದದ ಮೇಲೆ ಯಾವ ತಪ್ಪೂ ಕಾಣುವುದಿಲ್ಲ. ಬ್ಯಾಂಕಿನವರು ನಿಮ್ಮ ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಉಳಿಸಿ ಮಿಕ್ಕಿದ್ದನ್ನು ಬೇರೆಯವರಿಗೆ ಖರ್ಚು ಮಾಡಲು ಬಿಟ್ಟ ಹಾಗೆ. ಒಂದು ಕಡೆ ಬಡಾವಣೆ, ಇನ್ನೊಂದು ಕಡೆ ಗೋದಾಮು, ಮೇಲೆ ಒಂದು ಕೊಳಚೆ ನೀರಿನ ಘಟಕ. ಪ್ರತಿಯೊಬ್ಬರೂ ಪರ್ಮಿಟ್ ಪಡೆದು, ಪ್ರತಿಯೊಬ್ಬರೂ ಮಿತಿಯೊಳಗೇ ಇದ್ದು, ಕೊನೆಗೆ ಹಳ್ಳ ಮಾತ್ರ ಮೊದಲಿನ ಹಾಗೆ ಇರುವುದಿಲ್ಲ. ಟ್ರೌಟ್ ಹೋಗಿರುತ್ತದೆ.

ಎಚ್‌ಕ್ಯೂ, ಇವಿ ದರ್ಜೆ ಬಂದರೆ ಲೆಕ್ಕವೇ ಬದಲಾಗುತ್ತದೆ. ಆಗ ಅಳತೆಗೋಲು ಆ ಹಳ್ಳ ಈಗ ಇರುವ ಸ್ಥಿತಿ. 10 ಇದ್ದರೆ 10ನ್ನೇ ಕಾಪಾಡಬೇಕು. ಹಾಳಾದ ಮೇಲೆ ಸರಿ ಮಾಡುವುದಕ್ಕಿಂತ ಇದು ಎಷ್ಟೋ ಸುಲಭ. ಇದೇ ರಾಜ್ಯದಲ್ಲಿ ಹಳೇ ಕಲ್ಲಿದ್ದಲು ಗಣಿಗಳಿಂದ ಸೋರುವ ಆಮ್ಲೀಯ ನೀರು 5,000 ಮೈಲಿಗೂ ಜಾಸ್ತಿ ಹಳ್ಳಗಳನ್ನು ಕೆಡಿಸಿದೆ. ಗಣಿ ಮುಚ್ಚಿ ಎಷ್ಟೋ ದಶಕ ಕಳೆದರೂ ಕಿತ್ತಳೆ ಬಣ್ಣದ ನೀರು ಹರಿಯುವುದು ನಿಂತಿಲ್ಲ. ಅದನ್ನು ಒಮ್ಮೆ ನೋಡಿದವರಿಗೆ ಚೆನ್ನಾಗಿರುವುದನ್ನು ಮೊದಲು ಉಳಿಸಿಕೊಳ್ಳಿ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎಚ್‌ಕ್ಯೂಗೂ ಇವಿಗೂ ಏನು ವ್ಯತ್ಯಾಸ?

ಎಚ್‌ಕ್ಯೂ ಹಳ್ಳಕ್ಕೆ ಹೊಸದಾಗಿ ಕೊಳಚೆ ನೀರು ಬಿಡಬೇಕು ಅನ್ನುವವರು ಮೊದಲು ಹಳ್ಳಕ್ಕೆ ಬಿಡದೆ ಬೇರೆ ದಾರಿ ಇಲ್ಲ ಅಂತ ತೋರಿಸಬೇಕು. ಶುದ್ಧ ಮಾಡಿದ ನೀರನ್ನು ನೆಲಕ್ಕೆ ಸಿಂಪಡಿಸಬಹುದಾ, ಮತ್ತೆ ಬಳಸಬಹುದಾ, ಜಾಗವನ್ನೇ ಬದಲಾಯಿಸಬಹುದಾ ಅಂತೆಲ್ಲ ನೋಡಬೇಕು. ಯಾವುದೂ ಆಗಲ್ಲ ಅಂದರೆ ಒಳ್ಳೆಯ ಶುದ್ಧೀಕರಣ ಹಾಕಬೇಕು. ಅದಾದ ಮೇಲೂ ಗುಣಮಟ್ಟ ಸ್ವಲ್ಪ ಇಳಿಯುತ್ತದೆ ಅನ್ನುವುದಾದರೆ, ಆ ಭಾಗದ ಜನರಿಗೆ ದೊಡ್ಡ ಸಾಮಾಜಿಕ ಅಥವಾ ಆರ್ಥಿಕ ಲಾಭ ಇದೆ ಅಂತ ಸಾಬೀತು ಮಾಡಬೇಕು. ಇವಿ ಹಳ್ಳಕ್ಕೆ ಈ ಕೊನೆಯ ಬಾಗಿಲು ಇಲ್ಲ. ಎಷ್ಟೇ ಲಾಭ ತೋರಿಸಿದರೂ ನೀರಿನ ಗುಣಮಟ್ಟ ಇಳಿಯುವಂತಿಲ್ಲ. ಅದಕ್ಕೇ ಎಚ್‌ಕ್ಯೂನಿಂದ ಇವಿಗೆ ಏರಿಸುವ ಅರ್ಜಿ ಬಂದಾಗ ಜಗಳ ಜೋರಾಗುವುದು.

ಒಂದು ಹಳ್ಳ ಇಷ್ಟು ಚೆನ್ನಾಗಿದೆ ಅಂತ ಹೇಗೆ ತೀರ್ಮಾನ ಮಾಡುತ್ತಾರೆ?

ಒಂದು ದಾರಿ ರಾಸಾಯನಿಕ ಪರೀಕ್ಷೆ. ಕಡಿಮೆ ಅಂದರೆ ಒಂದು ವರ್ಷದ ಮಾಹಿತಿ ಬೇಕು, ಮತ್ತು ನೀರು ನೂರಕ್ಕೆ 99 ಪಾಲು ಸಮಯ ಮಿತಿಗಿಂತ ಚೆನ್ನಾಗಿರಬೇಕು. ಇನ್ನೊಂದು ದಾರಿ ಟ್ರೌಟ್. ರಾಜ್ಯದ ಮೀನು ಮತ್ತು ದೋಣಿ ಆಯೋಗ ಒಂದು ಹಳ್ಳವನ್ನು ಕ್ಲಾಸ್ ಎ ಕಾಡು ಟ್ರೌಟ್ ಹಳ್ಳ ಅಂತ ಗುರುತಿಸಿದ್ದರೆ ಅದು ಎಚ್‌ಕ್ಯೂಗೆ ಅರ್ಹ. ಇಲ್ಲಿ ಕಾಡು ಟ್ರೌಟ್ ಅಂದರೆ ಹ್ಯಾಚರಿಯಿಂದ ತಂದು ಬಿಟ್ಟಿದ್ದಲ್ಲ, ಅಲ್ಲೇ ಮೊಟ್ಟೆಯಿಟ್ಟು ಬೆಳೆದದ್ದು.

ನನಗೆ ಇಷ್ಟವಾದ ದಾರಿ ಮೂರನೆಯದು: ಹುಳುಗಳು. ಕಲ್ಲಿನ ಮೇಲೆ ನೀರು ಸದ್ದು ಮಾಡುತ್ತಾ ಹರಿಯುವ ಜಾಗದಲ್ಲಿ ಬಲೆ ಹಿಡಿದು, ಅದರ ಮೇಲ್ಭಾಗದ ಕಲ್ಲುಗಳನ್ನು ಕಾಲಿನಿಂದ ಕದಡುತ್ತಾರೆ. ತಳದಲ್ಲಿದ್ದ ಹುಳುಗಳು ಬಲೆಗೆ ಬರುತ್ತವೆ. ಬಾಲದಲ್ಲಿ ಎರಡು ಎಳೆ ಇರುವುದು ಸ್ಟೋನ್‌ಫ್ಲೈ ಮರಿ, ಹೆಚ್ಚಾಗಿ ಮೂರು ಎಳೆ ಇರುವುದು ಮೇಫ್ಲೈ ಮರಿ. ಮರಳು, ಕಡ್ಡಿ ಅಂಟಿಸಿ ತನ್ನ ಸುತ್ತ ಗೂಡು ಕಟ್ಟಿಕೊಂಡಿರುವುದು ಕ್ಯಾಡಿಸ್‌ಫ್ಲೈ. ಈ ಮೂರೂ ಕೊಳೆ ನೀರನ್ನು ತಾಳಲಾರವು. ಸ್ಟೋನ್‌ಫ್ಲೈ ಅಂತೂ ತಣ್ಣಗೆ, ಆಮ್ಲಜನಕ ತುಂಬಿ ಹರಿಯುವ ನೀರನ್ನೇ ಹುಡುಕುತ್ತದೆ. ನೀವು ಒಂದು ಬಾಟಲಿ ನೀರು ಹಿಡಿದರೆ ಆ ಗಳಿಗೆಯ ನೀರು ಹೇಗಿದೆ ಅಂತ ಮಾತ್ರ ಗೊತ್ತಾಗುತ್ತದೆ. ಈ ಹುಳುಗಳು ತಿಂಗಳುಗಟ್ಟಲೆ, ಕೆಲವು ಒಂದು ವರ್ಷಕ್ಕೂ ಜಾಸ್ತಿ ಆ ನೀರಲ್ಲೇ ಇದ್ದು ಬೆಳೆದಿರುತ್ತವೆ. ರಾತ್ರಿ ಕದ್ದು ಯಾರೋ ಏನೋ ಸುರಿದು ಹೋದರೂ ಹುಳುಗಳ ಲೆಕ್ಕದಲ್ಲಿ ಅದು ಸಿಕ್ಕಿಬೀಳುತ್ತದೆ.

ಹೀಗೆ ಸಿಕ್ಕಿದ್ದನ್ನು ಎಣಿಸಿ, ಜಾತಿ ಗುರುತಿಸಿ, ಅದೇ ತರಹದ ಒಂದು ಅತ್ಯುತ್ತಮ ಹಳ್ಳದ ಜೊತೆ ಹೋಲಿಸುತ್ತಾರೆ. ಅದರ 83 ಪರ್ಸೆಂಟ್ ಮುಟ್ಟಿದರೆ ಎಚ್‌ಕ್ಯೂ. 92 ಮುಟ್ಟಿದರೆ ಇವಿ. ಎಚ್‌ಕ್ಯೂ ಮಟ್ಟ ಮುಟ್ಟಿದ ಹಳ್ಳ ರಾಷ್ಟ್ರೀಯ ವನ್ಯಜೀವಿ ಧಾಮದಂಥ ಜಾಗದಲ್ಲಿ ಹರಿಯುತ್ತಿದ್ದರೂ ಇವಿ ಸಿಗಬಹುದು.

ಈ ಕಾನೂನು ಎಲ್ಲಿಂದ ಬಂತು?

ಪೆನ್ಸಿಲ್ವೇನಿಯಾದ ಕ್ಲೀನ್ ಸ್ಟ್ರೀಮ್ಸ್ ಲಾ 1937ರದ್ದು. 1971ರಲ್ಲಿ ಶುದ್ಧ ಗಾಳಿ ಮತ್ತು ಶುದ್ಧ ನೀರು ಜನರ ಹಕ್ಕು ಅಂತ ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. 1972ರಲ್ಲಿ ಫೆಡರಲ್ ಕ್ಲೀನ್ ವಾಟರ್ ಆಕ್ಟ್ ಬಂತು. ಚೆನ್ನಾಗಿರುವ ನೀರನ್ನು ಕೆಡಿಸಬಾರದು ಅನ್ನುವ ನಿಯಮ ಪ್ರತಿ ರಾಜ್ಯದಲ್ಲೂ ಇರಬೇಕು ಅಂತ ಆ ಕಾಯ್ದೆಯ ಕೆಳಗಿನ ಫೆಡರಲ್ ನಿಯಮ ಹೇಳುತ್ತದೆ. ಪೆನ್ಸಿಲ್ವೇನಿಯಾದ ನಿಯಮ ಸಾಲದು ಅಂತ 1996ರಲ್ಲಿ ಫೆಡರಲ್ ಪರಿಸರ ಸಂಸ್ಥೆ ಇಪಿಎ ತಾನೇ ನಿಯಮ ಹೊರಡಿಸಿತು. ರಾಜ್ಯ 1999ರಲ್ಲಿ ತನ್ನದನ್ನು ತಿದ್ದಿ ಬರೆಯಿತು. ಈಗ ನಡೆಯುತ್ತಿರುವುದು ಹೆಚ್ಚುಕಡಿಮೆ ಅದೇ.

ದರ್ಜೆ ಏರಿಸಿ ಅಂತ ಯಾರು ಅರ್ಜಿ ಹಾಕಬಹುದು?

ಯಾರು ಬೇಕಾದರೂ. ಸಿಟಿಜನ್ ಆಗಿರಬೇಕು, ಹಳ್ಳದ ಪಕ್ಕ ಜಮೀನು ಇರಬೇಕು ಅಂತ ಏನಿಲ್ಲ. ಎನ್ವಿರಾನ್ಮೆಂಟಲ್ ಕ್ವಾಲಿಟಿ ಬೋರ್ಡ್ ಅಂತ ಒಂದು ಮಂಡಳಿ ಇದೆ, ಅರ್ಜಿ ಹೋಗುವುದು ಅಲ್ಲಿಗೆ. ಹಳ್ಳದ ಯಾವ ಭಾಗ, ಈಗಿನ ದರ್ಜೆ ಏನು, ಕೇಳುತ್ತಿರುವುದು ಏನು, ಸುತ್ತಲಿನ ಜಮೀನು ಹೇಗೆ ಬಳಕೆಯಾಗುತ್ತಿದೆ, ಕೊಳೆ ಎಲ್ಲಿಂದ ಬರುವ ಸಾಧ್ಯತೆ ಇದೆ, ನಿಮ್ಮ ಹತ್ತಿರ ಇರುವ ನೀರಿನ ಮತ್ತು ಹುಳುಗಳ ಮಾಹಿತಿ ಏನು ಅಂತ ಬರೆದುಕೊಡಬೇಕು. ಒಬ್ಬರೇ ಕೂತು ಮಾಡುವ ಕೆಲಸ ಅಲ್ಲ. ಹೆಚ್ಚಾಗಿ ಆ ಭಾಗದ ಜಲಾನಯನ ಸಂಘ, ಟ್ರೌಟ್ ಹಿಡಿಯುವವರ ಗುಂಪು, ಕೆಲವು ಸಲ ಟೌನ್‌ಶಿಪ್ಪೇ ಮುಂದೆ ನಿಂತು ಮಾಡುತ್ತದೆ. ಅಲ್ಲಿಗೆ ಹೋಗಿ ಸೇರಿಕೊಳ್ಳಿ. ಬಲೆ ಹಿಡಿಯಲು, ಹುಳು ಎಣಿಸಲು ಕೈ ಬೇಕಾಗಿರುತ್ತದೆ, ಹೈಸ್ಕೂಲ್ ಮಕ್ಕಳಿಗೂ ಒಳ್ಳೆ ಕೆಲಸ.

ಎಷ್ಟು ದಿನ ಹಿಡಿಯುತ್ತದೆ?

ದಿನ ಅಲ್ಲ, ವರ್ಷಗಳು. ಮಂಡಳಿ ಅರ್ಜಿ ಒಪ್ಪಿಕೊಂಡ ಮೇಲೆ ರಾಜ್ಯದ ಪರಿಸರ ಇಲಾಖೆ ಡಿಇಪಿ ತಾನೇ ಹಳ್ಳಕ್ಕಿಳಿದು ಪರೀಕ್ಷೆ ಮಾಡುತ್ತದೆ. ವರದಿ ಬರುತ್ತದೆ, ಟೌನ್‌ಶಿಪ್‌ಗಳಿಗೆ ತಿಳಿಸುತ್ತಾರೆ, ಜನರ ಅಭಿಪ್ರಾಯ ಕೇಳುತ್ತಾರೆ. ಆಮೇಲೆ ನಿಯಮದ ಕರಡು, ಮತ್ತೆ ಅಭಿಪ್ರಾಯ, ಶಾಸನಸಭೆಯ ಸಮಿತಿಗಳು, ಕೊನೆಗೆ ಇಪಿಎ ಒಪ್ಪಿಗೆ.

ಅಷ್ಟರೊಳಗೆ ಯಾರಾದರೂ ಹಳ್ಳ ಹಾಳು ಮಾಡಿಬಿಟ್ಟರೆ?

ಇದಕ್ಕೆ ನಿಯಮದಲ್ಲೇ ಒಂದು ಒಳ್ಳೆ ಏರ್ಪಾಡು ಇದೆ, ತುಂಬಾ ಜನರಿಗೆ ಗೊತ್ತಿಲ್ಲ. ಕಾಗದದಲ್ಲಿ ಹಳ್ಳದ ದರ್ಜೆ ಕೆಳಗೇ ಇರಲಿ, ಪರೀಕ್ಷೆಯಲ್ಲಿ ಅದು ಇವಿ ಮಟ್ಟದ್ದು ಅಂತ ಗೊತ್ತಾದರೆ, ಪರ್ಮಿಟ್ ಕೊಡುವಾಗ ಡಿಇಪಿ ಆ ಮೇಲಿನ ಮಟ್ಟವನ್ನೇ ಕಾಪಾಡಬೇಕು. ಇದನ್ನು ಎಕ್ಸಿಸ್ಟಿಂಗ್ ಯೂಸ್ ಅಂತಾರೆ. ಇಂಥ ಹಳ್ಳಗಳ ಪಟ್ಟಿಯನ್ನು ಡಿಇಪಿ ಇಟ್ಟಿರುತ್ತದೆ. ಹಾಗಾಗಿ ನಿಮ್ಮ ಹಳ್ಳದ ಬಗ್ಗೆ ನೋಡುವಾಗ ಚಾಪ್ಟರ್ 93 ಒಂದನ್ನೇ ನೋಡಿ ಸುಮ್ಮನಾಗಬೇಡಿ, ಆ ಪಟ್ಟಿಯನ್ನೂ ನೋಡಿ.

ನಮ್ಮ ಮನೆ ಹಿಂದೆ ಇವಿ ಹಳ್ಳ ಇದೆ. ಡೆಕ್ ಕಟ್ಟಿಸಬಹುದಾ? ಜನ ಒಳಗೆ ಬಂದುಬಿಡುತ್ತಾರಾ?

ಎರಡನೆಯದಕ್ಕೆ ಮೊದಲು ಉತ್ತರ: ಇಲ್ಲ. ಈ ದರ್ಜೆ ನೀರಿಗೆ ಸಂಬಂಧಪಟ್ಟದ್ದು. ನಿಮ್ಮ ಹಿತ್ತಲಿಗೆ ಬರಲು ಯಾರಿಗೂ ಹಕ್ಕು ಕೊಡುವುದಿಲ್ಲ.

ಡೆಕ್‌ಗೆ ಈ ದರ್ಜೆಯಿಂದ ದೊಡ್ಡ ತೊಂದರೆ ಬರುವುದು ಅಪರೂಪ. ಆದರೆ ಮಣ್ಣು ಅಗೆಯುವ ಕೆಲಸ ಇದ್ದು, ಆ ಮಣ್ಣು ಇಂಥ ಹಳ್ಳಕ್ಕೆ ಹರಿದು ಹೋಗುವ ಹಾಗಿದ್ದರೆ, ಕೊಚ್ಚಿಹೋಗದಂತೆ ತಡೆಯುವ ಲಿಖಿತ ಯೋಜನೆ ಇಟ್ಟುಕೊಳ್ಳಬೇಕು. ಟೌನ್‌ಶಿಪ್‌ನ ಸ್ವಂತ ನಿಯಮಗಳು ಬೇರೆ ಇರುತ್ತವೆ, ಕೇಳಿಯೇ ಮುಂದುವರಿಯಿರಿ. ಒಂದು ಎಕರೆಗಿಂತ ಜಾಸ್ತಿ ಅಗೆಯುವ ಬಿಲ್ಡರ್‌ಗಳ ವಿಷಯ ಬೇರೆ. ಬೇರೆ ಕಡೆ ಸಿಗುವ ಸರಳ ಜನರಲ್ ಪರ್ಮಿಟ್ ಅವರಿಗೆ ಇಲ್ಲಿ ಸಿಗುವುದಿಲ್ಲ. ಪ್ರತ್ಯೇಕ ಪರ್ಮಿಟ್‌ಗೆ ಹೋಗಬೇಕು.

2010ರ ನಿಯಮದಲ್ಲಿ ಇಂಥ ಪರ್ಮಿಟ್‌ಗಳಿಗೆ ಹಳ್ಳದ ಅಂಚಿನಿಂದ 150 ಅಡಿ, ಅಂದರೆ ಸುಮಾರು 45 ಮೀಟರ್, ಗಿಡಮರದ ಪಟ್ಟಿ ಬಿಡಬೇಕು ಅಂತ ಇತ್ತು. 2014ರಲ್ಲಿ ಶಾಸನಸಭೆ ಅದನ್ನು ಸಡಿಲ ಮಾಡಿತು. ಅಷ್ಟೇ ಪರಿಣಾಮ ಕೊಡುವ ಬೇರೆ ವ್ಯವಸ್ಥೆ ಮಾಡಿದರೂ ಆಗುತ್ತದೆ ಅಂತ ಬದಲಾಯಿಸಿತು. ನನ್ನ ಪ್ರಕಾರ ಅದು ತಪ್ಪು ನಿರ್ಧಾರ. ಮರದ ನೆರಳು ನೀರನ್ನು ತಣ್ಣಗಿಡುತ್ತದೆ, ಬೇರು ದಂಡೆ ಹಿಡಿಯುತ್ತದೆ, ಬಿದ್ದ ಎಲೆ ಹುಳುಗಳಿಗೆ ಊಟ. ಕಾಂಕ್ರೀಟಿನ ತೊಟ್ಟಿ ಇದರಲ್ಲಿ ಯಾವುದನ್ನೂ ಮಾಡಲ್ಲ.

ನಿಮ್ಮ ಕೈಲಿರುವುದು ಇಷ್ಟು: ದಂಡೆಯವರೆಗೂ ಲಾನ್ ಮಾಡಿ ಕತ್ತರಿಸಬೇಡಿ, ಗಿಡ ಬೆಳೆಯಲು ಬಿಡಿ. ಚಳಿಗಾಲದಲ್ಲಿ ಡ್ರೈವ್‌ವೇಗೆ ಉಪ್ಪು ಸುರಿಯುವಾಗ ಕೈ ಹಿಡಿದು ಹಾಕಿ. ಆ ಉಪ್ಪು ಹಳ್ಳಕ್ಕೇ ಹೋಗುತ್ತದೆ, ಅದನ್ನು ತೆಗೆಯುವ ದಾರಿ ಇಲ್ಲ.

ದರ್ಜೆ ಏರಿಸಿದರೆ ಊರಿಗೆ ಕೆಲಸ ಬರಲ್ಲ ಅಂತಾರೆ. ನಿಜಾನಾ?

ಈ ಭಯವನ್ನು ಹಗುರವಾಗಿ ನೋಡಬಾರದು. ಪರ್ಮಿಟ್‌ಗೆ ಖರ್ಚು ಜಾಸ್ತಿ ಆಗುತ್ತದೆ, ತಡವಾಗುತ್ತದೆ, ಕೆಲವು ಯೋಜನೆಗಳು ಜಾಗ ಬದಲಾಯಿಸುತ್ತವೆ. ಅದು ನಿಜ. ಆದರೆ ಎಲ್ಲ ನಿಂತೇ ಹೋಗುತ್ತದೆ ಅನ್ನುವುದು ನಿಜ ಅಲ್ಲ. ಈಗಾಗಲೇ ಪರ್ಮಿಟ್ ಇರುವ ಘಟಕ ಹಾಗೇ ನಡೆಯಬಹುದು. ಬಿಗಿ ನಿಯಮ ಬರುವುದು ಹೊಸದಾಗಿ ಬಿಡುವ ನೀರಿಗೆ, ಅಥವಾ ಇರುವುದನ್ನು ಜಾಸ್ತಿ ಮಾಡುವಾಗ. ಪೊಕೊನೊ ಕಡೆಯ ಮನ್ರೋ ಮತ್ತು ಪೈಕ್ ಕೌಂಟಿಗಳಲ್ಲಿ ಬಹುತೇಕ ಹಳ್ಳಗಳು ಎಚ್‌ಕ್ಯೂ ಅಥವಾ ಇವಿ. ಅಲ್ಲಿ ಮನೆ, ಹೋಟೆಲ್, ರೆಸಾರ್ಟ್ ಎಲ್ಲ ಇವೆ. ಅಷ್ಟೇ ಅಲ್ಲ, ಜನ ದುಡ್ಡು ಕೊಟ್ಟು ಅಲ್ಲಿಗೆ ಹೋಗುವುದೇ ಆ ನೀರು, ಆ ಕಾಡು ಇರುವುದರಿಂದ.

ರೈತರಿಗೆ?

ಮಾಮೂಲಿ ಉಳುಮೆ, ಬಿತ್ತನೆಗೆ ಈ ದರ್ಜೆಯಿಂದ ಹೊಸ ಪರ್ಮಿಟ್ ಬೇಕಾಗುವುದಿಲ್ಲ. ಗೊಬ್ಬರದ ಯೋಜನೆ, ಮಣ್ಣು ಉಳಿಸುವ ಯೋಜನೆ ರಾಜ್ಯದಲ್ಲಿ ಎಲ್ಲ ಕಡೆ ಹೇಗೂ ಇರಬೇಕು.

ಇವಿ ಅಂತ ಬರೆದುಬಿಟ್ಟರೆ ಹಳ್ಳ ಉಳಿದ ಹಾಗೇನಾ?

ಅಲ್ಲ. ವ್ಯಾಲಿ ಕ್ರೀಕ್ ನೋಡಿ. ಚೆಸ್ಟರ್ ಕೌಂಟಿಯಲ್ಲಿ ಹರಿದು, ವ್ಯಾಲಿ ಫೋರ್ಜ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಇದ್ದ ಮನೆಯ ಪಕ್ಕದಲ್ಲೇ ಸ್ಕೂಲ್ಕಿಲ್ ನದಿ ಸೇರುತ್ತದೆ. ನೆಂಟರು ಬಂದಾಗ ನಮ್ಮವರು ಕರೆದುಕೊಂಡು ಹೋಗುವ ಜಾಗ ಅದು. ಇವಿ ಹಳ್ಳ, ಕಾಡು ಬ್ರೌನ್ ಟ್ರೌಟ್ ಇದೆ. ಆದರೆ ಪಾವೊಲಿಯ ರೈಲ್ ಯಾರ್ಡ್‌ನಿಂದ ಎಷ್ಟೋ ವರ್ಷ ಪಿಸಿಬಿ ಅನ್ನುವ ವಿಷ ಸೋರಿ ತಳದ ಮಣ್ಣಿಗೆ, ಮೀನಿಗೆ ಸೇರಿತು. ಹಾಗಾಗಿ ಅಲ್ಲಿ ಹಿಡಿದ ಮೀನನ್ನು ವಾಪಸ್ ಬಿಡಬೇಕು, ತಿನ್ನುವಂತಿಲ್ಲ. ಜೊತೆಗೆ ಸುತ್ತ ಹೆದ್ದಾರಿ, ಆಫೀಸು, ಪಾರ್ಕಿಂಗ್ ಲಾಟ್. ಜೋರು ಮಳೆ ಬಂದರೆ ಡಾಂಬರಿನ ಮೇಲೆ ಕಾದ ನೀರೆಲ್ಲ ಒಂದೇ ಸಲ ನುಗ್ಗಿ ದಂಡೆ ಕೊರೆಯುತ್ತದೆ. ದರ್ಜೆ ಬರುವ ಮೊದಲೇ ಕಟ್ಟಿದ್ದನ್ನು ದರ್ಜೆ ವಾಪಸ್ ತೆಗೆಯುವುದಿಲ್ಲ. ಹಾಗಿದ್ದರೂ ಇಷ್ಟು ದಟ್ಟ ಊರಿನ ನಡುವೆ ಟ್ರೌಟ್ ಇನ್ನೂ ಮೊಟ್ಟೆ ಇಡುತ್ತಿದೆ, ಹೊಸದಾಗಿ ಕಟ್ಟುವವರು ಮಳೆನೀರಿಗೆ ಲೆಕ್ಕ ಕೊಡಲೇಬೇಕಾಗಿದೆ. ಅದಕ್ಕೇ ತಡ ಮಾಡಬಾರದು ಅನ್ನುವುದು. ಮೊದಲು ದರ್ಜೆ, ಆಮೇಲೆ ಕಟ್ಟಡ ಅಂತ ಆದರೆ ಉಳಿಯುವುದು ತುಂಬಾ ಜಾಸ್ತಿ.

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಅಲ್ಲಿ?

ಅಲ್ಲಿ ಕ್ಯಾಟಗರಿ ಒನ್, ಸಿ1 ಅಂತಾರೆ. ಹಳ್ಳದ ಎರಡೂ ಬದಿ 300 ಅಡಿ ರಕ್ಷಿತ ಪಟ್ಟಿ, ಪೆನ್ಸಿಲ್ವೇನಿಯಾಕ್ಕಿಂತ ಬಿಗಿ. 2020ರಲ್ಲಿ ಸುಮಾರು 600 ಮೈಲಿ ಹಳ್ಳಗಳನ್ನು ಹೊಸದಾಗಿ ಸೇರಿಸಿದರು. ಎರಡೂ ರಾಜ್ಯಗಳ ನಡುವೆ ಹರಿಯುವ ಡೆಲವೇರ್ ನದಿಗೂ ಬೇರೆ ರಕ್ಷಣೆ ಇದೆ. ನ್ಯೂಯಾರ್ಕಿನ ಹ್ಯಾನ್ಕಾಕ್‌ನಿಂದ ಟ್ರೆಂಟನ್‌ವರೆಗೆ 197 ಮೈಲಿಯಲ್ಲಿ ನೀರಿನ ಗುಣಮಟ್ಟ ಅಳೆದು ಕಾಣುವಷ್ಟು ಕೆಳಗಿಳಿಯಬಾರದು. ಈ ನದಿಯ ಜಲಾನಯನದಿಂದ 1.3 ಕೋಟಿಗೂ ಹೆಚ್ಚು ಜನ ನೀರು ಕುಡಿಯುತ್ತಾರೆ. ಮನೆ ಹಿಂದಿನ ಹಳ್ಳ ಕೊನೆಗೆ ಯಾರದೋ ನಲ್ಲಿಗೇ ಹೋಗುವುದು ಅಲ್ವಾ?

ನಮ್ಮ ಕರ್ನಾಟಕದಲ್ಲಿ ಇಂಥದ್ದು ಇದೆಯಾ?

ದರ್ಜೆ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಇಂದ ಇ ವರೆಗೆ ಐದು ವರ್ಗ ಮಾಡಿದೆ. ಎ ಅಂದರೆ ಸೋಂಕು ನಿವಾರಣೆಯಷ್ಟೇ ಮಾಡಿ ಕುಡಿಯಬಹುದಾದ ನೀರು. ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂ ಅಥವಾ ಜಾಸ್ತಿ, ಬಿಒಡಿ (ನೀರಿನಲ್ಲಿರುವ ಕೊಳೆ ಹೀರುವ ಆಮ್ಲಜನಕದ ಲೆಕ್ಕ) 2 ಅಥವಾ ಕಡಿಮೆ, ಕೋಲಿಫಾರ್ಮ್ (ಮಲದ ಕೊಳೆಯ ಸುಳಿವು ಕೊಡುವ ಬ್ಯಾಕ್ಟೀರಿಯಾ) 100 ಮಿಲಿಲೀಟರಿಗೆ 50ರೊಳಗೆ. ಸಿ ವರ್ಗದಲ್ಲಿ ಕೋಲಿಫಾರ್ಮ್ 5,000ದವರೆಗೂ ಇರಬಹುದು, ಶುದ್ಧೀಕರಣ ಘಟಕ ದಾಟಿಸಿ ಕುಡಿಯಬೇಕು. ಇ ವರ್ಗ ನೀರಾವರಿಗೆ.

ಆದರೆ ಈ ಲೆಕ್ಕ ಯಾವ ನೀರು ಯಾವ ಬಳಕೆಗೆ ಅಂತ ಹೇಳುತ್ತದೆ. ಎ ವರ್ಗದ ಹೊಳೆ ಬಿ, ಸಿಗೆ ಇಳಿಯದ ಹಾಗೆ ಹಿಡಿದು ನಿಲ್ಲಿಸುವ ನಿಯಮ ಅದರಲ್ಲಿಲ್ಲ. ನಮ್ಮ ಗಮನವೆಲ್ಲ ಕೆಟ್ಟ ನದಿಗಳ ಪಟ್ಟಿ ಮೇಲೆ. 2022ರ ಪಟ್ಟಿಯಲ್ಲಿ ದೇಶದ 311 ನದಿ ಭಾಗಗಳಿದ್ದವು, ಅದರಲ್ಲಿ 17 ಕರ್ನಾಟಕದ್ದು. ಆ ಪಟ್ಟಿ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಚೆನ್ನಾಗಿರುವ ಹೊಳೆಗಳ ಪಟ್ಟಿ ಎಲ್ಲಿ? 1974ರ ನೀರಿನ ಕಾಯ್ದೆಯ ಉದ್ದೇಶದಲ್ಲೇ ನೀರಿನ ಆರೋಗ್ಯ ಕಾಪಾಡುವುದು ಅಥವಾ ಮರಳಿ ತರುವುದು ಅಂತ ಇದೆ. ಕಾಪಾಡುವುದು ಮೊದಲು ಬರುತ್ತದೆ. ರಾಜ್ಯದ ನೀರನ್ನು ವರ್ಗೀಕರಿಸುವ ಅಧಿಕಾರ ರಾಜ್ಯ ಮಂಡಳಿಗೆ ಅದೇ ಕಾಯ್ದೆಯ 17ನೇ ಸೆಕ್ಷನ್ ಕೊಟ್ಟಿದೆ.

ಹತ್ತಿರದ ಪ್ರಯತ್ನ ಒಂದು ನಡೆದಿತ್ತು. ಬೆಂಗಳೂರಿಗೆ ನೀರು ಕೊಡುತ್ತಿದ್ದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಬರುವ ಅರ್ಕಾವತಿ ಕಣಿವೆಯನ್ನು 2003ರ ನವೆಂಬರ್‌ನ ಸರ್ಕಾರಿ ಆದೇಶ ನಾಲ್ಕು ವಲಯ ಮಾಡಿ, ಎಲ್ಲಿ ಏನು ಕಟ್ಟಬಹುದು ಅಂತ ಮಿತಿ ಹಾಕಿತು. 2019ರಲ್ಲಿ ಸರ್ಕಾರವೇ ಅದನ್ನು ಸಡಿಲಿಸಿತು. ಆದೇಶ ಬರುವ ಹೊತ್ತಿಗೇ ಅರ್ಕಾವತಿ ಸೊರಗಿತ್ತು, ಅದು ಬೇರೆ ಮಾತು.

ಮಲೆನಾಡಿನಲ್ಲಿ ಇನ್ನೂ ಉಳಿದಿರುವುದು ಬೇಕಾದಷ್ಟಿದೆ. ಅಘನಾಶಿನಿಗೆ ಅಡ್ಡ ದೊಡ್ಡ ಅಣೆಕಟ್ಟು ಇಲ್ಲ. ಭದ್ರೆಯ ತಲೆಯಲ್ಲಿ ಕುದುರೆಮುಖದ ಗಣಿ ಎಷ್ಟೋ ವರ್ಷ ನಡೆದು, ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ನಿಂತಿತು. ಅಷ್ಟರಲ್ಲಿ ಹೋದ ಮಣ್ಣು ಹೊಳೆಗೆ ಹೋಗಿಯಾಗಿತ್ತು. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಕೆಲಸ, ನಡೆಯುವುದು ಹಳ್ಳದಲ್ಲಿ ನೀರು ಇಳಿಯುತ್ತಿರುವ ಚಳಿಗಾಲದಲ್ಲೇ, ಆ ನೀರು ನೇರವಾಗಿ ಬಿದ್ದರೆ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಇನ್ನೊಂದು ಕಡೆ ಶೃಂಗೇರಿ, ಶಿಶಿಲದಲ್ಲಿ ದೇವರ ಮೀನು ಅಂತ ಜನ ಮುಟ್ಟದೆ ಬಿಟ್ಟಿದ್ದಾರೆ, ಅದೇ ಕಾರಣಕ್ಕೆ ಅಲ್ಲಿ ಮೀನು ಉಳಿದಿದೆ. ಒಂದು ಕಡವಿಗೆ ಜನರೇ ಹಾಕಿಕೊಂಡ ಈ ಕಟ್ಟುಪಾಡನ್ನು ಇಡೀ ಹೊಳೆಗೆ ಕಾನೂನಾಗಿ ಮಾಡಲು ಏನೂ ಅಡ್ಡಿ ಇಲ್ಲ, ಮನಸ್ಸು ಬೇಕು.

ಪೆನ್ಸಿಲ್ವೇನಿಯಾದಲ್ಲಿ ದರ್ಜೆ ಏರಿಸುವ ಅರ್ಜಿಯ ಬಗ್ಗೆ ಅಭಿಪ್ರಾಯ ಬರೆಯಬೇಕು ಅಂತಿದ್ದೇನೆ. ಏನು ಬರೆಯಲಿ?

"ನಾನು ಹಳ್ಳದ ಪರ" ಅಂತ ಒಂದು ಸಾಲು ಬರೆದರೂ ಲೆಕ್ಕಕ್ಕೆ ಬರುತ್ತದೆ. ಆದರೆ ದರ್ಜೆ ತೀರ್ಮಾನವಾಗುವುದು ಹಳ್ಳದ ಸ್ಥಿತಿಯ ಮೇಲೆ, ಹಾಗಾಗಿ ನೀವು ಕಣ್ಣಾರೆ ಕಂಡಿದ್ದಕ್ಕೆ ತೂಕ ಜಾಸ್ತಿ. ಯಾವ ಸೇತುವೆ ಹತ್ತಿರ ಟ್ರೌಟ್ ನೋಡಿದಿರಿ, ಯಾವ ತಿಂಗಳು, ಬೇಸಿಗೆಯಲ್ಲೂ ನೀರು ತಣ್ಣಗಿರುತ್ತದಾ, ಮಳೆ ಬಂದಾಗ ಯಾವ ಕಡೆಯಿಂದ ಕೆಂಪು ನೀರು ಬರುತ್ತದೆ, ಫೋಟೊ ಇದ್ದರೆ ದಿನಾಂಕದ ಜೊತೆ. ನಿಮ್ಮದು ಬಾವಿ ನೀರಾದರೆ ಅದನ್ನೂ ಬರೆಯಿರಿ. ಇಂಗ್ಲಿಷ್ ಸಾಧಾರಣ ಇದ್ದರೂ ಪರವಾಗಿಲ್ಲ. ಹಳ್ಳದ ಹೆಸರು, ಟೌನ್‌ಶಿಪ್, ಕೌಂಟಿ ಮೂರೂ ಸರಿಯಾಗಿ ಬರೆಯಿರಿ, ಒಂದೇ ಹೆಸರಿನ ಹಳ್ಳಗಳು ಈ ರಾಜ್ಯದಲ್ಲಿ ಬೇಕಾದಷ್ಟಿವೆ. ಕೊನೆಯ ದಿನಾಂಕ ರಾಜ್ಯದ ಗೆಜೆಟ್ ಆದ ಪೆನ್ಸಿಲ್ವೇನಿಯಾ ಬುಲೆಟಿನ್‌ನಲ್ಲಿ ಪ್ರಕಟವಾಗಿರುತ್ತದೆ, ಅದಕ್ಕೆ ಮೊದಲೇ ಕಳಿಸಿ.